ಕಂಪನಿ ಗಾಡಿಯ ಹಿಂದಿನ ಸೀಟು

ಇದನ್ನು ನಂಬಿರೆಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಬೋರ್‌ವೆಲ್ ಪಂಪು ಮಾರಿ ಬದುಕು ಕಟ್ಟಿಕೊಂಡವನು ನಾನು. ಸುಳ್ಳು ಹೇಳುವುದೇ ಆದರೆ ಲಾಭ ಬರುವ ಕಡೆ ಹೇಳುತ್ತೇನೆ. ಇದನ್ನು ಹೇಳಿದರೆ ನನಗೆ ಸಿಗುವುದು ಒಂದೇ, ಆ ರಾತ್ರಿಯ ನಿದ್ದೆ ಹಾಳು.

ಮೊದಲು ಆ ಗಾಡಿಯ ವಿಷಯ. ನೆನೆದರೆ ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತೇನೆ.

ಸೈಕಲ್ಲಿಗೆ ಪಂಪಿನ ಸಾಮಾನು ಕಟ್ಟಿಕೊಂಡು ಭಾಲ್ಕಿಯ ಹಳ್ಳಿ ಹಳ್ಳಿ ತಿರುಗಿದವನನ್ನು ಕಂಪನಿ ಏರಿಯಾ ಮ್ಯಾನೇಜರ್ ಮಾಡಿತು. ಓಡಾಡಲು ಜೀಪು ಕೊಡುತ್ತೇವೆ ಎಂದರು. ನಾನು ಬಿಡಲಿಲ್ಲ. ಗುದ್ದಾಡಿ, ಗೋಗರೆದು, ಬೆಳ್ಳಿ ಬಣ್ಣದ ಫಾರಿನ್ ಮಾಡೆಲ್ ಡೀಸೆಲ್ ಕಾರನ್ನೇ ಪಡೆದೆ. ಮುಂದೆ ಅದನ್ನು ಕಂಪನಿಯಿಂದ ನನ್ನ ಹೆಸರಿಗೇ ಮಾಡಿಸಿಕೊಂಡೆ. ಮೊದಲನೆಯದು ಮೂರ್ಖತನ, ಎರಡನೆಯದು ಹಣೆಬರಹ.

ನೋಡಲು ಏನು ಚೆಂದ! ಬೀದರಿನ ನಮ್ಮ ಓಣಿಯಲ್ಲಿ ನಿಲ್ಲಿಸಿದರೆ ಜನ ಅದರ ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಒಳಗಿನ ಕಥೆ ಬೇರೆ. ಒಳದೀಪ ಹತ್ತುತ್ತಿರಲಿಲ್ಲ. ಹಿಂದಿನ ಬಾಗಿಲುಗಳು ಹೊರಗಿನಿಂದ ಮಾತ್ರ ತೆರೆಯುತ್ತಿದ್ದವು, ಒಳಗೆ ಕೂತವರು ಖೈದಿಗಳು. ಮನಸ್ಸು ಬಂದಾಗ ಎಂಜಿನ್ನಿನ ಕೆಂಪು ದೀಪ ಹೊತ್ತಿಕೊಂಡು ಗಾಡಿ ಎತ್ತಿನ ಬಂಡಿಯಾಗುತ್ತಿತ್ತು. ಎ.ಸಿ. ಹಾಕಿದರೆ ಕೊಳೆತ ಗೋಣಿಚೀಲದ ವಾಸನೆ. ಹೊಟ್ಟೆಯಂತೂ ನೆಲಕ್ಕೆ ಹತ್ತಿದ್ದು. ಹಿಂದೆ ಒಬ್ಬರು ಕೂತರೂ ಸಾಕು, ಪ್ರತಿ ಉಬ್ಬಿನ ಮೇಲೆ ಗರ್‌ರ್ ಎಂದು ಉಜ್ಜುತ್ತಿತ್ತು. ಭಾಲ್ಕಿಯ ಡೀಲರ್ ಒಬ್ಬರು, ದಪ್ಪ ಆಸಾಮಿ, ಅರ್ಧ ದಾರಿಯಲ್ಲೇ ಕೈ ಮುಗಿದರು. "ನಾ ನಡಕೋತ ಬರ್ತೇನಿ ಸಾಹೇಬ್ರ. ನಿಮ್ ಗಾಡಿಗಿ ಹೆರಿಗಿ ಬ್ಯಾನಿ ಸುರು ಆಗ್ಯಾದ."

ನನ್ನ ಹೆಂಡತಿಯ ಮಾತು ಇನ್ನೂ ಹರಿತ. "ನೋಡ್ಲಾಕ ಮದುಮಗಳು. ಮನಿಗಿ ಬಂದ ಮ್ಯಾಲ ಒಂದ್ ಚರಗಿ ನೀರ್ ತುಂಬಂಗಿಲ್ಲ."

ಗಾಡಿ ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ. ಮುಂದಿನ ಸೀಟಿನಲ್ಲಿ ಕೂತು ಮರುಳಾಗಬೇಡಿ. ಹಿಂದೆ ಕೂತು ನೋಡಿ. ಗಾಡಿಯ ನಿಜವಾದ ಗುಣ ಅಲ್ಲಿರುತ್ತದೆ.

ಮಳೆ ಮೇಲಿಂದ ಮೇಲೆ ಕೈಕೊಟ್ಟ ಕಾಲ ಅದು. ಔರಾದ ಸೀಮೆಯಲ್ಲಿ ಬೋರಿನ ಬಾಯಿಗೆ ಕಿವಿಯಿಟ್ಟರೆ ಬರೀ ಗಾಳಿಯ ಸುಯ್ಯೆನ್ನುವ ಸದ್ದು. ಚಿಂತಾಕಿ, ಎಕಂಬಾ ಕಡೆಯಿಂದ ಲಾರಿಗಳು ಜನರನ್ನು ತುಂಬಿಕೊಂಡು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತಿದ್ದವು. ಪಾತ್ರೆ, ಹಾಸಿಗೆ, ಕೋಳಿ, ಕೂಸು, ಎಲ್ಲ ಒಂದೇ ತಾಡಪತ್ರಿಯ ಕೆಳಗೆ.

ಆ ರಾತ್ರಿ ಔರಾದದ ನಮ್ಮ ಡೀಲರ್ ಬಸವಂತಪ್ಪನ ಮನೆಯಲ್ಲಿ ಊಟ ಮುಗಿಸಿ ಬೀದರಿಗೆ ಹೊರಟೆ. ಇಲ್ಲೇ ಉಳಿಯಿರಿ ಎಂದು ಅವನು ಬಹಳ ಹೇಳಿದ. ಊರು ದಾಟುತ್ತಲೇ ಅಂಥದ್ದೊಂದು ಲಾರಿ ಮುಂದೆ ಸಿಕ್ಕಿತು. ದಾರಿ ಬಿಡದೆ, ಧೂಳು ಕುಡಿಸುತ್ತಾ ಹೋಗುತ್ತಿತ್ತು. ಅಷ್ಟರಲ್ಲಿ ನನ್ನ ಗಾಡಿ ಬಿಸಿಯಾಯಿತು. ಬೈಯುತ್ತಾ ನಿಲ್ಲಿಸಿ, ಆರಿದ ಮೇಲೆ ನೀರು ಹಾಕಿ ಹೊರಡುವುದರಲ್ಲಿ ಲಾರಿ ಕಣ್ಮರೆಯಾಗಿತ್ತು.

ಸ್ವಲ್ಪ ದೂರ ಹೋಗಿರಬೇಕು... ಬೆಳಕಿನಲ್ಲಿ ಒಂದು ಕೈ ಕಂಡಿತು.

ರಸ್ತೆ ಪಕ್ಕದಲ್ಲಿ ಟ್ಯಾಂಕರಿನವರು ನೀರು ಸುರಿಯುವ ಸಿಮೆಂಟಿನ ತೊಟ್ಟಿ. ಅದರ ಬಳಿ ಸೆರಗು ಹೊದ್ದ ಹೆಂಗಸು. ಬ್ರೇಕ್ ಒತ್ತಿದೆ. ಗಾಡಿ ಜಾರಿಕೊಂಡು ಬಹಳ ಮುಂದೆ ಹೋಗಿ ನಿಂತಿತು. ನಾನು ಹಿಂದೆ ತಿರುಗುವ ಮೊದಲೇ ಹಿಂದಿನ ಬಾಗಿಲು ತೆರೆಯಿತು... ಮುಚ್ಚಿತು. ಒಳದೀಪ ಎಂದಿನಂತೆ ಸತ್ತಿತ್ತು. ಕತ್ತಲಲ್ಲಿ ಒಂದು ಆಕಾರ, ಅಷ್ಟೇ.

"ಲಾರಿ ಹೋತು," ಎಂದಿತು ಸಣ್ಣ ದನಿ. "ನನ್ ಕೂಸು ಅದರಾಗದ."

ರಾತ್ರಿ ಒಂಟಿ ಕೈಗೆ ಗಾಡಿ ನಿಲ್ಲಿಸಬೇಡಿ ಎಂದು ಹತ್ತು ಜನಕ್ಕೆ ಬುದ್ಧಿ ಹೇಳುವವನು ನಾನು. ಆದರೆ ಆ ಲಾರಿಯನ್ನು ನಾನೇ ಕಣ್ಣಾರೆ ಕಂಡಿದ್ದೆ. ಗದರಿಸಿ ಇಳಿಸಲು ಮನಸ್ಸಾಗಲಿಲ್ಲ. ಗಾಡಿ ಓಡಿಸಿದೆ.

ಯಾವ ಊರವ್ವ ಎಂದೆ. "ಲಾರಿ ಹೋತು," ಎಂದಿತು ಮತ್ತೆ. ಕೂಸು ಎಷ್ಟು ದೊಡ್ಡದು ಎಂದೆ. ಅದಕ್ಕೂ ಅದೇ ಮಾತು. ದುಃಖದಲ್ಲಿದ್ದಾಳೆ ಎಂದುಕೊಂಡೆ. ಗೋಣಿಚೀಲದ ವಾಸನೆ ಹೋಗಿ ಬೇರೊಂದು ವಾಸನೆ ಬರತೊಡಗಿತು. ಹಾಲಿನದು. ಎಳೆ ಬಾಣಂತಿಯ ಮೈಯಿಂದ ಬರುತ್ತದಲ್ಲ, ಅದು... ಆದರೆ ಹುಳಿಹಿಡಿದದ್ದು. ಗಂಟಲಿಗೆ ಬಂದು ಅಂಟಿತು. ಕಿಟಕಿ ಇಳಿಸಿ ತಲೆ ಹೊರಗಿಟ್ಟೆ.

ರಸ್ತೆಯ ಉಬ್ಬುಗಳು ಬಂದವು. ಹಲ್ಲು ಕಚ್ಚಿ ಕೂತೆ. ಗಾಡಿ ಸದ್ದಿಲ್ಲದೆ ದಾಟಿತು. ಮೊನ್ನೆ ಹಾಕಿಸಿದ ಹೊಸ ಸ್ಪ್ರಿಂಗು ಕೊನೆಗೂ ಕೆಲಸಕ್ಕೆ ಬಂತು ಎಂದು ಖುಷಿಪಟ್ಟೆ, ದಡ್ಡ!

ಸಂತಪುರದಲ್ಲಿ ಲಾರಿ ಚಹಾಕ್ಕೆ ನಿಂತಿತ್ತು. ಅದರ ಹಿಂದೆ ನಿಲ್ಲಿಸಿ, ಸೀದಾ ಮುಂದೆ ಹೋದೆ. ಆ ಜನರನ್ನು ಕರೆದೊಯ್ಯುತ್ತಿದ್ದ ಮೇಸ್ತ್ರಿಯ ಹೆಸರು ಮಾಣಿಕ. ಬಾಯಿ ತುಂಬ ಗುಟ್ಕಾ. ಕುರಿ ತುಂಬುವವರೂ ತಲೆ ಎಣಿಸುತ್ತಾರೆ, ನೀನು ತಾಯಿಯನ್ನೇ ಬಿಟ್ಟು ಬಂದೆಯಲ್ಲ ಎಂದು ಉಗಿದೆ. ಅವನು ಬ್ಯಾಟರಿ ಹಿಡಿದು ಹಿಂದೆ ಹೋದ. ನಾನೂ ಹೋದೆ.

ನನ್ನ ಗಾಡಿಯ ಹಿಂಬಾಗಿಲು ಪೂರ್ತಿ ತೆರೆದಿತ್ತು. ಸೀಟು ಖಾಲಿ.

ಮಾಣಿಕ ತಾಡಪತ್ರಿ ಎತ್ತಿ ಬೆಳಕು ಬಿಟ್ಟ. ಮಲಗಿದ ಜನರ ನಡುವೆ ಮೂರು ನಾಲ್ಕು ವರ್ಷದ ಒಂದು ಹುಡುಗಿ. ಅದನ್ನು ತಬ್ಬಿಕೊಂಡು, ಮುಸುಕು ಹಾಕಿ ಮಲಗಿದ ಹೆಂಗಸಿನ ಬೆನ್ನು.

"ರುಕ್ಮಿಣಿ ಇಲ್ಲೇ ಮಕ್ಕೊಂಡಾಳಲ್ರಿ ಸಾಹೇಬ್ರ," ಎಂದ. "ಈಗ ಹತ್ತಿರಬೇಕು."

ಒಳಗಿನಿಂದ ತೆರೆಯದ ಬಾಗಿಲನ್ನು ಲಾರಿಯವರು ಯಾರೋ ತೆರೆದುಕೊಟ್ಟಿರಬೇಕು ಎಂದುಕೊಂಡೆ. ಒಂದು ಉಪಕಾರದ ಮಾತಿಲ್ಲ ಎಂದು ಸಿಟ್ಟೂ ಬಂತು. ಚಹಾ ಕುಡಿದೆ. ಲಾರಿ ಹೋಯಿತು.

ನಾನು ಹೊರಡುತ್ತಲೇ ಕೆಂಪು ದೀಪ ಹೊತ್ತಿತು. ಎಷ್ಟು ತುಳಿದರೂ ಗಾಡಿ ತೆವಳುತ್ತಿತ್ತು. ಹೀಗೆ ಬೀದರ್ ಮುಟ್ಟುವುದು ಆಗದ ಮಾತು. ಔರಾದಕ್ಕೇ ವಾಪಸು ಹೋಗಿ ಬಸವಂತಪ್ಪನ ಮನೆಯಲ್ಲಿ ಮಲಗೋಣ ಎಂದು ತಿರುಗಿಸಿದೆ. ಹಿಂದಿನ ಸೀಟಿನ ಹುಳಿವಾಸನೆ ಇನ್ನೂ ಹೋಗಿರಲಿಲ್ಲ.

ಅದೇ ಸಿಮೆಂಟಿನ ತೊಟ್ಟಿ ಬಂತು...

ರಸ್ತೆಯ ನಟ್ಟನಡುವೆ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ನೀರಿನ ಪ್ಲಾಸ್ಟಿಕ್ ಕ್ಯಾನು. ನಾನು ನಿಲ್ಲಿಸುವುದರೊಳಗೆ ಬಾನೆಟ್ ಮೇಲೆ ಬಿದ್ದು ಎರಡೂ ಕೈಯಿಂದ ಬಡಿದಳು. ದೀಪದ ಬೆಳಕಿನಲ್ಲಿ ಮುಖ ಸ್ಪಷ್ಟ ಕಂಡಿತು. ಅತ್ತು ಅತ್ತು ಬಾತಿತ್ತು.

ಕಿಟಕಿಗೆ ಬಂದು, ನನ್ನ ತೋಳು ಹಿಡಿದು, ಒಂದೇ ಉಸಿರಿನಲ್ಲಿ ಹೇಳಿದಳು. ನೀರು ಹಿಡಿಯಲು ಇಳಿದಿದ್ದಳಂತೆ, ಲಾರಿ ಬಿಟ್ಟುಹೋಯಿತಂತೆ, ಮಗಳು ಪೂಜಾ ಅದರಲ್ಲೇ ಮಲಗಿದ್ದಾಳಂತೆ.

ನಿನ್ನ ಹೆಸರೇನು ಎಂದೆ.

"ರುಕ್ಮಿಣಿರಿ." ಅವಳು ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಆಗ ಬಂದಿದ್ದು ನಿಮ್ಮದೇ ಗಾಡಿ ಅದ ಅಲ್ರಿ? ಕೈ ಮಾಡ್ದೆ, ಮುಂದ ಹೋಗಿ ನಿಂತಿತ್ತು. ನಾ ಓಡಿ ಬರ್ಲತ್ತಿದ್ದೆ... ಅಷ್ಟ್ರಾಗ ಬಾಗಲಾ ತಗದು ಯಾರೋ ಹತ್ತಿದ್ರು. ನೀವು ಹೋಗೇಬಿಟ್ರಿ."

ತಿರುಗಿ ಹಿಂದಿನ ಖಾಲಿ ಸೀಟನ್ನು ನೋಡಿದೆ.

ಗಾಜು ಏರಿಸಿ ಓಡಿಬಿಡೋಣ ಅನ್ನಿಸಿತು. ಆದರೆ ತಾಯಿ ಇಲ್ಲಿದ್ದರೆ, ಆ ಕೂಸಿನ ಪಕ್ಕ ಮಲಗಿರುವುದು ಏನು? ಅದನ್ನು ಅಲ್ಲಿಗೆ ಮುಟ್ಟಿಸಿದವನು ನಾನೇ.

ಎಂಜಿನ್ ಆರಿಸಿ, ಇಳಿದು, ಹಿಂದಿನ ಬಾಗಿಲು ತೆರೆದುಕೊಟ್ಟೆ. ಕೂತಳು. ಮತ್ತೆ ಕೀಲಿ ತಿರುಗಿಸಿದರೆ ಕೆಂಪು ದೀಪ ಮಾಯ! ಗಾಡಿ ಬಾಣದಂತೆ ಓಡಿತು. ಮೊದಲ ಉಬ್ಬು... ಗರ್‌ರ್. ಎರಡನೆಯದು... ಗರ್‌ರ್. ಜನ್ಮವಿಡೀ ಶಪಿಸಿದ ಸದ್ದು ಅದು. ಮನುಷ್ಯರ ಭಾರ ಅಂದರೆ ಹೀಗೆ ಎಂದು ಸಮಾಧಾನವಾಯಿತು. ಮರುಕ್ಷಣ, ಮೊದಲ ಸಲ ಅದೇ ಉಬ್ಬುಗಳನ್ನು ಸದ್ದಿಲ್ಲದೆ ದಾಟಿದ್ದು ನೆನಪಾಯಿತು.

ಲಾರಿ ಸಿಕ್ಕಿದ್ದು ಮಾಂಜ್ರಾ ನದಿಯ ಸೇತುವೆಯ ಈಚೆ. ನದಿಯಲ್ಲಿ ನೀರಿರಲಿಲ್ಲ, ಬರೀ ಮರಳು. ಟೈರು ಪಂಕ್ಚರಾಗಿ, ಜನರೆಲ್ಲ ಇಳಿದು ರಸ್ತೆಯಂಚಿಗೆ ಕೂತಿದ್ದರು. ರುಕ್ಮಿಣಿಯನ್ನು ಕಂಡು ಮಾಣಿಕ ಗುಟ್ಕಾ ಉಗುಳುವುದನ್ನೂ ಮರೆತ.

"ನೀ ಯಾವಾಗ ಇಳದಿ?" ಎಂದ. "ಒಳಗ ಕೂಸಿನ ಬಾಜೂಕ ಇದ್ದಿ. ಈಗರ ನೋಡೀನಿ."

ಅವಳು ಲಾರಿ ಹತ್ತಿ ತಾಡಪತ್ರಿ ಎಳೆದಳು. ಪೂಜಾ ಎದ್ದು ಕೂತಿತ್ತು, ಒಂಟಿಯಾಗಿ. ಪಕ್ಕದ ಚಾದರವನ್ನು ತಡವುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಆ ಹುಳಿವಾಸನೆ ಇತ್ತು.

ರುಕ್ಮಿಣಿ ಎರಡೂ ಕೈ ಚಾಚಿದಳು. ಕೂಸು ಹಿಂದೆ ಹಿಂದೆ ಸರಿಯಿತು.

"ನಮ್ಮವ್ವ ಎಲ್ಲಿ?" ಎಂದಿತು. "ಈಕಿ ನಮ್ಮವ್ವ ಅಲ್ಲ."

ನಿದ್ದೆಗಣ್ಣು ಎಂದು ಹೆಂಗಸರು ನಕ್ಕರು. ನಗು ಬೇಗ ನಿಂತಿತು. ಎತ್ತಿಕೊಳ್ಳಲು ಹೋದವಳ ಕೈಯನ್ನು ಕೂಸು ಕಚ್ಚಿತು, ಮೈಮೇಲೆ ಚೇಳು ಬಿದ್ದಂತೆ ಚೀರಿತು. ಅದು ಮಲಗುವ ತನಕ ನೀನು ದೂರ ಕೂಡು ಎಂದು ಹಿರಿಯಳೊಬ್ಬಳು ಅವಳನ್ನು ಲಾರಿಯ ಹಿಂಬದಿಯ ಹಲಗೆಗೆ ಒರಗಿಸಿ, ಹೊರಗೆ ಮುಖ ಮಾಡಿ ಕೂಡಿಸಿದಳು.

ನಾನು ಮಾಣಿಕನನ್ನು ಪಕ್ಕಕ್ಕೆ ಕರೆದೆ. ಬೆಳಕಾಗುವ ತನಕ ಹೋಗಬೇಡ, ಎಲ್ಲರಿಗೂ ಚಹಾ ನಾಷ್ಟಾ ನನ್ನದು ಎಂದೆ. ಯಾರ ಜೊತೆ ಬೇಕಾದರೂ ಚೌಕಾಶಿ ಮಾಡಿ ಗೆಲ್ಲುವವನು ನಾನು. ಅವನು ಬಗ್ಗಲಿಲ್ಲ. ಮುಂಜಾನೆ ಮುಟ್ಟದಿದ್ದರೆ ಕೆಲಸ ಬೇರೆಯವರ ಪಾಲು ಎಂದ. ಟೈರು ಬಿಗಿದರು. ಹೊರಟೇಬಿಟ್ಟರು.

ನಾನು ಬೆನ್ನಿಗೇ ಹೊರಟೆ. ನನ್ನ ದೀಪದ ಬೆಳಕು ನೇರ ರುಕ್ಮಿಣಿಯ ಮುಖದ ಮೇಲೆ. ಅವಳ ಹಿಂದೆ ಕತ್ತಲಲ್ಲಿ ಕೂಸು ಅಳುತ್ತಲೇ ಇತ್ತು. ಆಗ... ಒಳಗಿನಿಂದ ಯಾರೋ ಸಣ್ಣಗೆ ಜೋ ಹಾಡತೊಡಗಿದರು. ಸಣ್ಣ ದನಿ. "ಲಾರಿ ಹೋತು" ಎಂದಿದ್ದ ದನಿ.

ಕೂಸು ಥಟ್ಟನೆ ಸುಮ್ಮನಾಯಿತು.

ರುಕ್ಮಿಣಿಯ ತುಟಿ ಮುಚ್ಚಿತ್ತು. ಅವಳಿಗೂ ಕೇಳಿಸಿತ್ತು. ನನ್ನನ್ನೇ ನೋಡುತ್ತಿದ್ದವಳು ನಿಧಾನವಾಗಿ ಕತ್ತು ತಿರುಗಿಸಿ ಒಳಗೆ ನೋಡಿದಳು.

ಹಾರ್ನ್ ಮೇಲೆ ಕೈಯಿಟ್ಟು ಎಕ್ಸಲರೇಟರ್ ತುಳಿದೆ. ಕೆಂಪು ದೀಪ ಹೊತ್ತಿಕೊಂಡಿತು. ಹಾಳಾದ ಗಾಡಿ ಸೇತುವೆಯ ನಡುವೆ ಕೆಮ್ಮಿ ನಿಂತಿತು. ಲಾರಿಯ ದೀಪ ಸಣ್ಣದಾಗುತ್ತಾ ಹೋಯಿತು... ಆಮೇಲೆ ಬರೀ ಕತ್ತಲು, ಕೆಳಗೆ ಮರಳು.

ಆ ಸೀಟನ್ನು ಬಿಚ್ಚಿ ತೊಳೆಸಿದೆ, ಬಟ್ಟೆ ಬದಲಿಸಿದೆ, ಲೋಬಾನ ಹಾಕಿಸಿದೆ. ವಾಸನೆ ಹೋಗಲಿಲ್ಲ. ಬೀದರಿನ ನಮ್ಮ ಮೆಕ್ಯಾನಿಕ್ ಭಾಯಿ ಮೂಗು ಹಿಡಿದು, "ಬೇಚ್ ಡಾಲೋ ಸಾಬ್," ಎಂದ. ಬಂದಷ್ಟಕ್ಕೆ ಮಾರಿದೆ. ಬೆಲೆ ಕೇಳದೆ ನಾನು ಮಾಡಿದ ಒಂದೇ ವ್ಯಾಪಾರ ಅದು.

ಮುಂದೆ ಒಂದು ವರ್ಷ ಮಳೆ ಬಿತ್ತು. ಹೋದವರಲ್ಲಿ ಕೆಲವರು ತಿರುಗಿ ಬಂದರು. ನಾನು ಔರಾದದಲ್ಲಿ ಬಸವಂತಪ್ಪನ ಅಂಗಡಿ ಮುಂದೆ ನಿಂತಿದ್ದೆ. ಅವನಿಗೆ ಎಲ್ಲ ಹೇಳಿದ್ದೆ. ಅವನೇ ಮೆಲ್ಲಗೆ ಬೆರಳು ತೋರಿಸಿದ.

"ಅಕಾ ನೋಡ್ರಿ, ಚಿಂತಾಕಿ ರುಕ್ಮಿಣಿ. ಆರಾಮ ಅದಾಳ. ನೀವು ಸುಮ್ನ ತಲಿ ಕೆಡಸ್ಕೊಂಡೀರಿ."

ಹೌದು, ಅವಳೇ. ಅದೇ ಮುಖ. ಬಳೆ ಅಂಗಡಿಯಲ್ಲಿ ನಿಂತಿದ್ದಳು. ಬೆಳೆದ ಪೂಜಾ ಅವಳ ಬೆರಳು ಹಿಡಿದು ನಗುತ್ತಿತ್ತು, ಕೆನ್ನೆ ತುಂಬಿಕೊಂಡಿತ್ತು. ಎದೆಯ ಮೇಲಿನ ಬಂಡೆ ಸರಿದಂತಾಯಿತು. ದಾಟಿ ಹೋಗಿ, ಎದುರಿಗೆ ನಿಂತು, ಗುರುತು ಹತ್ತಿತೇನವ್ವ ಎಂದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇಲ್ರಿ. ಯಾರ್ರಿ ನೀವು?"

ನನ್ನ ಬಾನೆಟ್ ಬಡಿದವಳು, ತೋಳು ಹಿಡಿದು ಅತ್ತವಳು, ಮರೆತಳೇ? ಇರಬಹುದು, ಅಂಥ ರಾತ್ರಿ ಯಾರಿಗೆ ಯಾರ ಮುಖ ನೆನಪಿರುತ್ತದೆ. ಏನೂ ಇಲ್ಲ ಬಿಡವ್ವ ಎಂದು ತಿರುಗಿ ಹೊರಟೆ.

"ಅಣ್ಣಾ."

ಹಿಂದಿನಿಂದ ಬಂತು ಆ ಸಣ್ಣ ದನಿ. ಅಲ್ಲೇ ನಿಂತೆ.

"ಈಗ ಗುರ್ತು ಹತ್ತಿತ್ರಿ. ಆವತ್ತು ನಿಮಗ ಹಿಂದಿನಿಂದಷ್ಟೇ ನೋಡಿದ್ದೆ."

ನಾನು ತಿರುಗಲಿಲ್ಲ. ತಿರುಗಲು ಆಗಲಿಲ್ಲ. ಹಾಗಾದರೆ ಲಾರಿಯ ಹಲಗೆಗೆ ಒರಗಿ, ನನ್ನನ್ನೇ ನೋಡುತ್ತಾ ಹೋದವಳು ಎಲ್ಲಿ? ಕೇಳುವ ಧೈರ್ಯ ಅವತ್ತೂ ಆಗಲಿಲ್ಲ, ಇವತ್ತೂ ಇಲ್ಲ.

ಬೆನ್ನ ಹಿಂದೆ ಆ ಹುಡುಗಿ "ಅವ್ವಾ, ಅವ್ವಾ" ಎಂದು ಅವಳನ್ನು ಜಗ್ಗುತ್ತಾ ನಗುತ್ತಿತ್ತು... ಅದೊಂದೇ ಕೇಳಿಸುತ್ತಿತ್ತು.