ಲೈನ್ ಕಿತ್ತಿ ನೋಡೂಣ

ಹುಮನಾಬಾದಿನ ಇಂಜಿನಿಯರ್ ಸಾಹೇಬರು ತಮ್ಮ ಕೆಲಸವನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, "ಲೈನ್ ಕಿತ್ತಿ ನೋಡೂಣ" ಎನ್ನುತ್ತಿದ್ದರು.

ಬಸವಕಲ್ಯಾಣದ ಕಚೇರಿಯಲ್ಲಿ ಮುಖ್ಯ ಲೈನು ಸತ್ತರೂ ಹುಮನಾಬಾದಿನಿಂದಲೇ ಫೋನ್ ಹಚ್ಚಿ ರೌಟರ್ ಸರಿಪಡಿಸಲೆಂದು, ಅದರ ಹಿಂದಿನ ಆಕ್ಸ್ ಪೋರ್ಟ್ ಎಂಬ ಕಿಂಡಿಗೆ, ಫೋನ್ ಕರೆ ತಾನೇ ಎತ್ತುವ ಮೋಡೆಮ್ ಕೂಡಿಸಿದರು. ಅದಕ್ಕೆ ಫೋನಿನ ವೈರ್ ಎಳೆದವನು ನಾನು.

"ಐದನೇ ಕ್ಲಾಸ್ ಕಲತಾಂವನ ವೈರ್ ನಡೀತದೇನ್ರಿ?" ಎಂದು ಮ್ಯಾನೇಜರ್ ನಕ್ಕರು.

ಸಾಹೇಬರು ಹುಮನಾಬಾದಿಗೆ ಹೋಗಿ ಅಲ್ಲಿಂದ ಫೋನ್ ಹಚ್ಚಿದರು. ಇಲ್ಲಿ ನಾನು ಮುಖ್ಯ ಲೈನು ಕಿತ್ತೆ. ಮ್ಯಾನೇಜರರ ಫೋನೂ ಅದೇ ವೈರಿನ ಮೇಲಿತ್ತು. ಗಂಟೆ ಹೊಡೆದಾಗಲೆಲ್ಲ ಮೋಡೆಮ್‌ಗಿಂತ ಮೊದಲು ಮ್ಯಾನೇಜರೇ ರಿಸೀವರ್ ಎತ್ತಿ, "ಹಲೋ, ಯಾರ್ರಿ?" ಎನ್ನುತ್ತಿದ್ದರು. ಕಡೆಗೆ, "ನಿನ್ನ ವೈರೇ ಖರಾಬ್. ಬ್ಯಾರೆಯವರನ್ನ ಕರೀತೀನಿ" ಎಂದರು. ನಾನು ಅವರ ಫೋನನ್ನೇ ಬಿಚ್ಚಿ ಬದಿಗಿಟ್ಟೆ. ಮೋಡೆಮ್ ಕಿರುಚಿತು. ರೌಟರಿನ ದೀಪಗಳು ಆರಿ, ಮತ್ತೆ ಹೊತ್ತಿದವು. ಸಾಹೇಬರು ಅಲ್ಲಿಂದಲೇ ಅದನ್ನು ಬಂದ್ ಮಾಡಿ ಎಬ್ಬಿಸಿದ್ದರು.

ಮುಂದಿನ ಕಚೇರಿಯಲ್ಲಿ ಅವರು ಕನ್ನಡಕ ಏರಿಸಲಿಲ್ಲ. "ಇವರ ವೈರ್ ಅದ. ಕಿತ್ತಿ ನೋಡೂದು ಬ್ಯಾಡ" ಎಂದು ನನ್ನತ್ತ ಕೈ ತೋರಿಸಿದರು.

ನಾನು ಮುಖ್ಯ ಲೈನು ಕಿತ್ತೇ ತೋರಿಸಿದೆ.