ಖಾಲಿ ಬಂದೂಕಿಗೆ ಪೂಜೆಯಿಲ್ಲ

ಮಲಾಡ್ ಸ್ಟೇಷನ್ನಿನ ಹತ್ತಿರ ನನ್ನದೊಂದು ಹೋಟೆಲು ಇದೆ. ನನ್ನ ಹೆಸರು ಕಾಂತಪ್ಪ ಪೂಜಾರಿ. ಆದರೆ ಮುಂಬಯಿಯಲ್ಲಿ ಉಡುಪಿ ಕಡೆಯವನು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮುಗಿಯಿತು, ಅವನು ಶೆಟ್ರೇ. ತಿದ್ದಿ ತಿದ್ದಿ ಸುಸ್ತಾಗಿ ಈಗ ನಾನೂ ಓಗೊಡುತ್ತೇನೆ.

ಎದುರಿನ ಬಂಗಾರದ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಮೊಣಕಾಲುಗಳ ನಡುವೆ ಬಂದೂಕು ನಿಲ್ಲಿಸಿಕೊಂಡು ಕೂರುತ್ತಿದ್ದವನು ಶಂಕ್ರೆಪ್ಪ. ವಿಜಯಪುರದ ಕಡೆಯವನು. ಬಂದೂಕು, ಲೈಸೆನ್ಸು ಎರಡೂ ಅವನದೇ. ಇಲ್ಲಿ ಗನ್‌ಮ್ಯಾನ್ ಕೆಲಸ ಸಿಗಬೇಕಾದರೆ ಹಾಗೆಯೇ ಇರಬೇಕು. ಮೀಸೆ ನೋಡಿದರೆ ಹುಲಿ, ಮಾತಾಡಿಸಿದರೆ ಹಸು. ದಿನಾ ನನ್ನಲ್ಲಿಗೆ ಬಂದು ಇಡ್ಲಿ ತಿಂದು, "ಶೆಟ್ರ, ನಿಮ್ಮ ಸಾಂಬಾರಿನ್ಯಾಗ ಮತ್ತ ಬೆಲ್ಲ ಹಾಕೀರಿ" ಎಂದು ದೂರು ಹೇಳಿಯೇ ಎದ್ದುಹೋಗುವನು. "ನಿನಗೆ ಖಾರ ಬೇಕಾದರೆ ಆ ಬಂದೂಕಿನ ಮದ್ದು ಕಲಸಿಕೊಂಡು ತಿನ್ನು ಮಾರಾಯ" ಎಂದು ನಾನು ಬೈಯುತ್ತಿದ್ದೆ. ಭಾನುವಾರ ಹೆಂಡತಿ ವಂದನಾ, ಮಕ್ಕಳ ಜೊತೆ ಬರುತ್ತಿದ್ದ. ಚಿಕ್ಕವನು ಅಮಿತ ಅಪ್ಪನ ಹೆಗಲ ಮೇಲೆ. ಅಕ್ಕ ರೋಹಿಣಿಗೆ ಆರು ವರ್ಷ. ಅವಳು ಬಾಗಿಲಲ್ಲೇ ಎದೆಯುಬ್ಬಿಸಿ ಅಪ್ಪನ ಹಾಗೆ ನನಗೆ ಸೆಲ್ಯೂಟ್ ಹೊಡೆಯುವಳು. ನಾನೂ ಎದ್ದು ಹೊಡೆಯಬೇಕು, ಇಲ್ಲದಿದ್ದರೆ ಒಳಗೆ ಬರುತ್ತಿರಲಿಲ್ಲ.

ಕಳೆದ ವರ್ಷ ಖಂಡೇ ನವಮಿಯ ದಿನ ಅದು ನಡೆಯಿತು. ಅವರ ಕಡೆ ಅಂದು ಆಯುಧ ಪೂಜೆ. ನಾನು ಕೂಡ ಗ್ರೈಂಡರಿಗೆ ಕುಂಕುಮ ಹಚ್ಚಿ ಹೂವು ಇಡುತ್ತೇನೆ. ಶಂಕ್ರೆಪ್ಪ ಬಂದೂಕನ್ನು ಎಣ್ಣೆ ಹಚ್ಚಿ ಒರೆಸಿ, ಒಳಗೆ ಒಂದು ಗುಂಡು ತುಂಬಿ, ಮನೆಯಲ್ಲಿ ದೇವರ ಮುಂದೆ ಗೋಡೆಗೆ ಆನಿಸಿಟ್ಟ. ವರ್ಷವಿಡೀ ಮನೆಗೆ ಬಂದ ಕೂಡಲೇ ಗುಂಡು ತೆಗೆದು ಟ್ರಂಕಿಗೆ ಬೀಗ ಹಾಕುವ ಮನುಷ್ಯ ಆ ಒಂದು ದಿನ ಮಾತ್ರ ತುಂಬಿ ಇಡುತ್ತಿದ್ದ. ಅವನ ಅಪ್ಪನೂ ಊರಲ್ಲಿ ಹಾಗೇ ಇಡುತ್ತಿದ್ದನಂತೆ. ಬರಿ ಕೊಡವನ್ನು ಪೂಜೆಗೆ ಇಡುವುದುಂಟೇ, ಖಾಲಿ ಬಂದೂಕು ಬರೀ ಕೊಳವೆ, ಅದಕ್ಕೆಂಥ ಪೂಜೆ ಎಂದು ಆ ಮುದುಕನ ವಾದ. ಪೂಜೆ ಮುಗಿಸಿ ಶಂಕ್ರೆಪ್ಪ ಮೋಟಾರ್‌ಸೈಕಲ್ಲಿಗೆ ನಿಂಬೆಹಣ್ಣು ಕಟ್ಟಲು ಚಾಳಿನ ಕೆಳಗೆ ಇಳಿದ. ವಂದನಾ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಮಕ್ಕಳು ಗನ್‌ಮ್ಯಾನ್ ಆಟ ಆಡಿದರು. ರೋಹಿಣಿ ಗನ್‌ಮ್ಯಾನ್, ಅಮಿತ ಕಳ್ಳ.

ಅಮಿತ ಆಸ್ಪತ್ರೆ ಮುಟ್ಟಲಿಲ್ಲ.

ಪೊಲೀಸರು ಶಂಕ್ರೆಪ್ಪನನ್ನು ಒಯ್ದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಎಂದು ಕೇಸು. ನನಗೆ ಸಿಟ್ಟು ನೆತ್ತಿಗೇರಿತು. ಮಗುವನ್ನು ಮಣ್ಣು ಮಾಡಿದ ಕೈಯ ಮಣ್ಣು ತೊಳೆಯುವ ಮೊದಲೇ ಅಪ್ಪನಿಗೆ ಬೇಡಿಯೇ? ಇವನಿಗೆ ಇನ್ನು ಯಾವ ಕೋರ್ಟು ಏನು ಶಿಕ್ಷೆ ಕೊಡಬೇಕು? ನಾನೇ ಓಡಾಡಿ ಜಾಮೀನು ಕೊಡಿಸಿದೆ, ನನ್ನ ಹೋಟೆಲಿಗೆ ಬರುವ ಅಮೋಲ್ ವಕೀಲರನ್ನೇ ಹಿಡಿದೆ. ಗಿರಾಕಿಗಳಲ್ಲಿ ಇದೇ ಚರ್ಚೆ. ಬಿಟ್ಟುಬಿಡಬೇಕು ಎಂದು ಒಬ್ಬ, ಹೀಗೆ ಬಿಟ್ಟರೆ ನಾಳೆ ಇನ್ನೊಂದು ಮನೆಯಲ್ಲಿ ಇನ್ನೊಂದು ಮಗು ಎಂದು ಮತ್ತೊಬ್ಬ. ಎರಡನೆಯವನನ್ನು ನಾನು ಬೈದು ಕಳಿಸಿದೆ. ರಾತ್ರಿ ಮಲಗಿದಾಗ ಅವನು ಹೇಳಿದ್ದರಲ್ಲಿ ತಪ್ಪೇನು ಎಂದು ಹೊಳೆಯಲಿಲ್ಲ.

ವಂದನಾಳನ್ನು ಕೇಳಿದರೆ ಅವಳದು ಇನ್ನೂ ವಿಚಿತ್ರ.

"ಜೇಲಿಗೆ ಹೋಗ್ಲಿ ಅನಸ್ತದ್ರಿ ಶೆಟ್ರ. ಮತ್ತ ಅವರು ಊಟಕ್ಕ ಬರೂದು ತಡಾ ಆದ್ರ ಬಾಗಿಲಿಗೇ ನಿಂತಿರ್ತೀನಿ. ಯಾವ್ದು ಖರೇ ನನಗೂ ತಿಳಿವಲ್ದು."

ಅಮೋಲ್ ವಕೀಲರು ಒಂದು ದಾರಿ ಹುಡುಕಿದರು. ಬಂದೂಕು ಖಾಲಿ ಇತ್ತು. ಗುಂಡುಗಳು ಪಕ್ಕದ ಪೂಜೆಯ ತಟ್ಟೆಯಲ್ಲಿದ್ದವು. ಹುಡುಗಿ ಆಡುತ್ತ ತಾನೇ ಒಂದನ್ನು ತುಂಬಿಸಿದಳು ಎಂದು ಹೇಳುವುದು. ಏಳು ತುಂಬದ ಮಗುವಿನ ಮೇಲೆ ಕೇಸೇ ನಡೆಯುವುದಿಲ್ಲ, ಅಪ್ಪನ ಮೇಲಿನ ಭಾರವೂ ಇಳಿಯುತ್ತದೆ, ಯಾರಿಗೂ ನಷ್ಟವಿಲ್ಲ ಎಂದರು. ನಾನು ತಲೆದೂಗಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೇ ಎಂದು ಅವರ ಬುದ್ಧಿಯನ್ನು ಹೊಗಳಿದೆ.

ಶಂಕ್ರೆಪ್ಪ ಮಾತ್ರ, "ಆ ಬಂದೂಕ ತಗ್ದು ಗುಂಡ ಹಾಕಾಕ ಆಕಿ ಕೈಲೆ ಆಗಂಗಿಲ್ರಿ" ಎಂದ.

"ಅದು ಕೋರ್ಟಿಗೆ ಗೊತ್ತುಂಟಾ? ನೀನು ಬಾಯಿ ಮುಚ್ಚಿ ಕೂತ್ಕೋ" ಎಂದೆ. ಅವನು ಕೂತ. ಕೆಲಸ ಹೋಗಿತ್ತು, ಬಂದೂಕು ಪೊಲೀಸರಲ್ಲಿತ್ತು. ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದವನ ಹಾಗೆ ಮೊಣಕಾಲ ನಡುವೆಯೇ ಇಟ್ಟುಕೊಂಡಿದ್ದ.

ಅಮೋಲ್ ವಕೀಲರು ಹುಡುಗಿಯನ್ನೂ ಒಮ್ಮೆ ಕೂರಿಸಿಕೊಂಡು ಚಾಕಲೇಟು ಕೊಟ್ಟು ಮಾತಾಡಿಸಿದರು. ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ಹೇಳಿಕೊಟ್ಟರು. ಒಳ್ಳೆಯದೇ ಆಯಿತು ಎಂದುಕೊಂಡೆ.

ಮುಂದಿನ ಭಾನುವಾರ ಅಪ್ಪ ಮಗಳು ಇಬ್ಬರೇ ಬಂದರು. ಸೆಲ್ಯೂಟ್ ಇಲ್ಲ. ನನ್ನ ಹೆಂಡತಿ ಚಂಪಾ ದೋಸೆ ತಂದಿಟ್ಟಳು. ಹುಡುಗಿ ಮುಟ್ಟಲಿಲ್ಲ.

"ಯಾಕೆ ಮಗಾ, ತಿನ್ನುವುದಿಲ್ವಾ?" ಎಂದು ಚಂಪಾ ಕೇಳಿದಳು.

"ಆಂಟಿ, ಗೋಲಿ ಮೈನೇ ಡಾಲೀ ಥೀ" ಎಂದಳು ರೋಹಿಣಿ. ಗುಂಡು ಹಾಕಿದ್ದು ನಾನೇ ಅಂತ.

"ಯಾರು ಹಾಗೆ ಹೇಳಿದ್ದು?"

"ವಕೀಲ್ ಅಂಕಲ್. ಪೆಹಲೇ ಮುಝೇ ಯಾದ್ ನಹೀ ಥಾ. ಈಗ ನೆನಪಾತು." ಎರಡು ಬೆರಳಿನಲ್ಲಿ ಏನೋ ಹಿಡಿದ ಹಾಗೆ ಮಾಡಿ, ಹೇಗೆ ಹಾಕಿದೆ ಎಂದು ತೋರಿಸಿದಳು.

ಚಂಪಾ ನನ್ನನ್ನು ನೋಡಿದ ನೋಟ ನಾನು ಬಿಸಿ ಕಾವಲಿಯ ಮೇಲೆ ಕೈ ಇಟ್ಟರೂ ಮರೆಯುವಂಥದ್ದಲ್ಲ. ಶಂಕ್ರೆಪ್ಪ ದೋಸೆಯನ್ನು ಸಣ್ಣಗೆ ಮುರಿದು ಮಗಳ ಬಾಯಿಗೆ ಇಡುತ್ತ ಹೋದ. ಸಾಂಬಾರಿನ ದೂರನ್ನು ಅಂದು ಅವನು ಹೇಳಲಿಲ್ಲ.

ಕೋರ್ಟಿನ ದಿನ ನಾನೂ ಹೋಗಿದ್ದೆ. ಗುನ್ಹಾ ಕಬೂಲ್ ಇದೆಯೇ, ತಪ್ಪು ಒಪ್ಪುತ್ತೀಯೇ ಎಂದು ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದು ಒಂದೇ ಮಾತು ಹೇಳಿದರೆ ಸಾಕಿತ್ತು. ಶಂಕ್ರೆಪ್ಪ, ಅಂಗಡಿಯ ಸ್ಟೂಲಿನಿಂದ ಎದ್ದು ಮಾಲಿಕನಿಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತು, "ಕಬೂಲ್ ಸಾಹೇಬ್. ಗುಂಡು ಮೀಚ್ ಭರಲೀ" ಎಂದ. ತುಂಬಿದ್ದು ನಾನೇ ಅಂತ. ವಕೀಲರು ಅವನ ತೋಳು ಹಿಡಿದೆಳೆದರು. ಅವನು ಮತ್ತೆ ಹೇಳಿದ. ಬರೆದುಕೊಳ್ಳಿ ಎಂದ.

ಒಂದು ವರ್ಷ ಜೈಲು ಆಯಿತು. ಹೊರಗೆ ವ್ಯಾನು ಹತ್ತುವ ಮೊದಲು ನಾನು ಅವನ ಮೇಲೆ ಹರಿಹಾಯ್ದೆ.

"ನಿನಗೆ ತಲೆ ಸರಿ ಉಂಟಾ? ಇದ್ದ ಒಂದು ಮಗುವನ್ನು ಸಾಕುವವರು ಯಾರು?"

"ಆಕಿ ದೊಡ್ಡಾಕಿ ಆಗ್ತಾಳಲ್ರಿ ಶೆಟ್ರ" ಎಂದ. "ಅವಾಗ ಕೇಳ್ತಾಳ. ಕೋರ್ಟಿನ್ಯಾಗ ಯಾರ ಹೆಸರ ಬರ್ದಾರ ಅಂತ ತೋರಸ್ರಿ."

ಅವನು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಸರಿ ಎಂದುಕೊಂಡ ದಿನ ವಂದನಾ ಮುಖ ಬಾಡಿಸಿಕೊಂಡು ಎದುರು ಬರುತ್ತಾಳೆ. ಈಗ ನನ್ನ ಹೋಟೆಲಿನಲ್ಲೇ ಚಪಾತಿ ಲಟ್ಟಿಸುತ್ತಾಳೆ. ತಪ್ಪು ಎಂದುಕೊಂಡ ದಿನ ಆ ಎರಡು ಬೆರಳು ನೆನಪಾಗುತ್ತವೆ.

ದೊಡ್ಡವಳಾಗುವವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಒಂದು ಸಂಜೆ ಶಾಲೆಯಿಂದ ಬಂದ ರೋಹಿಣಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಹೇಳಿದೆ. ಗುಂಡು ಹಾಕಿದ್ದು ಪಪ್ಪಾ. ಪಪ್ಪಾ ತಾನೇ ಹೇಳಿದ್ದಾನೆ. ಜಡ್ಜ್ ಸಾಹೇಬರು ಬರೆದಿದ್ದಾರೆ. ನಿನ್ನದು ಏನೂ ಇಲ್ಲ.

"ಲಿಖಾ ಹೈ?"

"ಬರೆದಿದ್ದಾರೆ."

"ಪಕ್ಕಾ?"

"ಪಕ್ಕಾ."

ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಇಷ್ಟು ತಿಂಗಳು ಈ ಮಗು ಅದನ್ನು ಎಲ್ಲಿ ಇಟ್ಟುಕೊಂಡಿತ್ತೋ. ಚಂಪಾ ಕೊಟ್ಟ ಬನ್ಸು ಪೂರ್ತಿ ತಿಂದಳು, ಇನ್ನೊಂದು ಕೇಳಿದಳು. ನನಗೆ ಖುಷಿಯಾಯಿತು, ಶಂಕ್ರೆಪ್ಪ, ನೀನೇ ಗೆದ್ದೆ ಎಂದು ಮನಸ್ಸಿನಲ್ಲೇ ಹೇಳಿದೆ.

ಎರಡನೆಯದನ್ನು ತಿನ್ನುತ್ತ ಅವಳು ಏನೋ ಯೋಚಿಸಿದಳು. ಆಮೇಲೆ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದಳು.

"ಶೆಟ್ಟಿ ಅಂಕಲ್, ಆ ಜಡ್ಜ್ ಸಾಹೇಬ್‌ಗೆ ನಾನು ಹೋಗಿ ಹೇಳ್ತೀನಿ. ಗೋಲಿ ಮೈನೇ ಡಾಲೀ ಅಂತ. ಆಗ ಪಪ್ಪಾನ ಮನಿಗೆ ಬಿಡ್ತಾರಾ?"