ಕೆಂಪು ಬೊಟ್ಟಿಟ್ಟ ಬೋರ್ಡುಗಳು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತುಮಕೂರಿನ ಅಂತರಸನಹಳ್ಳಿಯಲ್ಲಿ ಎಮರ್ಜೆನ್ಸಿ ಲೈಟ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸರ್ವಿಸ್ ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಉಳಿದದ್ದನ್ನೆಲ್ಲ ಅಸೆಂಬ್ಲಿ ಬೆಂಚಿನ ಮೇಲೆ ಕಲಿತೆ. ಗುಬ್ಬಿಯ ರಿಪೇರಿ ಅಂಗಡಿಯ ರುದ್ರಯ್ಯ ಎಂಬುವವರನ್ನು ನಾನು ಹೇಗೆ ಹಾಳು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಲೈಟು ಬಹಳ ಸರಳ. ಹಿಂದುಗಡೆ ನಾಲ್ಕು ಸ್ಕ್ರೂ. ಬಿಚ್ಚಿದರೆ ಒಳಗೆ ಬ್ಯಾಟರಿ, ಟ್ಯೂಬು, ಬೋರ್ಡು ಬೇರೆ ಬೇರೆಯಾಗಿ ಕೂತಿರುತ್ತಿದ್ದವು. ಯಾವುದು ಕೆಟ್ಟಿದೆಯೋ ಅದನ್ನಷ್ಟೇ ಕಿತ್ತು ಬೇರೆಯದನ್ನು ಸಿಕ್ಕಿಸಿದರೆ ಆಯಿತು. ಬ್ಯಾಟರಿ ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವುದು ಬೋರ್ಡಿನ ಕೆಲಸ. ಎಷ್ಟಕ್ಕೆ ನಿಲ್ಲಬೇಕು ಎಂಬುದನ್ನು ಬೋರ್ಡಿನ ಮೇಲಿದ್ದ ಪ್ರೀಸೆಟ್ ಎಂಬ ಪುಟ್ಟ ತಿರುಪನ್ನು ತಿರುಗಿಸಿ ಕಾರ್ಖಾನೆಯಲ್ಲೇ ಹೊಂದಿಸುತ್ತಿದ್ದೆವು. ಆಮೇಲೆ ಅದು ಅಲುಗದ ಹಾಗೆ ಕೆಂಪು ಬಣ್ಣದ ಒಂದು ಬೊಟ್ಟು ಇಡುತ್ತಿದ್ದೆವು. ಕೆಂಪು ಬೊಟ್ಟು ಇದ್ದರೆ ಪರೀಕ್ಷೆ ಆಗಿದೆ, ಮುಟ್ಟಬಾರದು ಎಂದು ಅರ್ಥ.

ರುದ್ರಯ್ಯನವರಿಗೆ ಇದನ್ನು ಹೇಳಿಕೊಟ್ಟವನು ನಾನೇ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟು ರೇಡಿಯೊ ರಿಪೇರಿ ಮಾಡುತ್ತಿದ್ದರು. ನಮ್ಮ ಲೈಟಿನ ಬಿಡಿಭಾಗಗಳನ್ನು ಅವರಿಗೆ ನಾನು ಕೊಡಲು ಶುರುಮಾಡಿದ ಮೇಲೆ ಅದೇ ಅವರ ಕಸುಬಾಯಿತು. ಸತ್ತ ಮೂರು ಲೈಟಿನಿಂದ ಒಂದು ಜೀವಂತ ಲೈಟು ಕಟ್ಟುತ್ತಿದ್ದರು. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಆ ದಿನಗಳಲ್ಲಿ ಗುಬ್ಬಿಯ ಟೈಲರುಗಳು, ಹೋಟೆಲಿನವರು, ಓದುವ ಮಕ್ಕಳಿದ್ದ ಮನೆಯವರು ಅವರನ್ನೇ ನಂಬಿದ್ದರು.

ಆಗ ಕಾರ್ಖಾನೆ ಯಜಮಾನರ ಮಗನ ಕೈಗೆ ಬಂತು. ಆತ ಒಂದು ದಿನ ನನ್ನನ್ನು ಕರೆಸಿದ.

“ಶಂಕ್ರಪ್ಪ, ನಮ್ಮ ಲೈಟು ಸಾಯೋದೇ ಇಲ್ವಲ್ರೀ. ಅದು ಸಾಯ್ದೆ ಹೊಸದನ್ನ ಯಾರ್ರಿ ತಗೋತಾರೆ?”

ಹೊಸ ಮಾಡೆಲ್ ಬಂತು. ಸ್ಕ್ರೂ ಇಲ್ಲ. ಎರಡು ಪ್ಲಾಸ್ಟಿಕ್ ಹೋಳುಗಳನ್ನು ಅಂಟಿಸಿಬಿಟ್ಟಿದ್ದರು. ಕೆಟ್ಟರೆ ಒಡೆಯಬೇಕು, ಒಡೆದರೆ ಎಸೆಯಬೇಕು. ಬೇರೆ ಊರುಗಳಲ್ಲಿ ಅದು ಖರ್ಚಾಯಿತು. ಗುಬ್ಬಿಯಲ್ಲಿ ಮಾತ್ರ ಡೀಲರನ ಅಂಗಡಿಯಲ್ಲೇ ಧೂಳು ತಿನ್ನುತ್ತ ಕೂತಿತು. ರುದ್ರಯ್ಯನವರು ಇರುವವರೆಗೆ ಅಲ್ಲಿ ಹೊಸ ಲೈಟು ಯಾರಿಗೂ ಬೇಕಿರಲಿಲ್ಲ. “ಗುಬ್ಬಿ ವಿಷ್ಯ ಸರಿಮಾಡಿ, ನಿಮ್ಮನ್ನ ಮ್ಯಾನೇಜರ್ ಮಾಡ್ತೀನಿ” ಎಂದ ಯಜಮಾನರ ಮಗ. ಹೇಗೆ ಸರಿಮಾಡಬೇಕು ಎಂದು ಆತ ಹೇಳಲಿಲ್ಲ. ಅದು ನನ್ನದೇ ಬುದ್ಧಿ.

ಉಳಿದಿದ್ದ ಹಳೆಯ ಬೋರ್ಡುಗಳನ್ನು ನನ್ನ ಬೆಂಚಿಗೆ ತಂದೆ. ಒಂದೊಂದರ ಪ್ರೀಸೆಟ್ಟನ್ನೂ ಮೇಲಕ್ಕೆ ತಿರುಗಿಸಿದೆ, ಚಾರ್ಜು ನಿಲ್ಲಲೇಬಾರದ ಹಾಗೆ. ಅದರ ಮೇಲೆ ಹೊಸದಾಗಿ ಕೆಂಪು ಬೊಟ್ಟು ಇಟ್ಟೆ. ಬಣ್ಣ ಒಣಗಿದ ಮೇಲೆ ನಾನೇ ಹೋಗಿ ಕೊಟ್ಟು ಬಂದೆ. ರುದ್ರಯ್ಯನವರು ಹೆಂಡತಿಯನ್ನು ಕೂಗಿ ಕಾಫಿ ತರಿಸಿದರು.

“ಸ್ಪೇರ್ ನಿಲ್ಸಿದ್ರು ಅಂತ ಸುದ್ದಿ ಇತ್ತು. ನೀವು ಕೈ ಬಿಡಲ್ಲ ಅಂತ ಇವ್ಳಿಗೆ ಹೇಳಿದ್ದೆ ಕಣ್ರೀ ಶಂಕ್ರಪ್ಪನೋರೆ.”

ಕಾಫಿ ಕುಡಿದೆ.

ಅವರು ರಿಪೇರಿ ಮಾಡಿದ ಲೈಟುಗಳು ಅಂಗಡಿಯಲ್ಲಿ ಚೆನ್ನಾಗಿಯೇ ಉರಿಯುತ್ತಿದ್ದವು. ಮನೆಗೆ ಹೋಗಿ ಕೆಲವು ದಿನ ಪ್ಲಗ್ಗಿನಲ್ಲಿದ್ದರೆ ಬ್ಯಾಟರಿ ಉಬ್ಬಿ, ಬಿರಿದು, ಆಸಿಡ್ ಸೋರುತ್ತಿತ್ತು. ಟೈಲರ್ ಸರೋಜಮ್ಮನ ಮನೆಯಲ್ಲಿ ಅದು ಮದುವೆ ಹೆಣ್ಣಿನ ರೇಷ್ಮೆ ಸೀರೆಯ ಮೇಲೆ ಸೋರಿತು. ಆಕೆ ಸೀರೆಯನ್ನೂ ಲೈಟನ್ನೂ ತಂದು ಅಂಗಡಿಯ ಮುಂದೆ ಎಸೆದಾಗ ನಾನು ಎದುರಿನ ಡೀಲರನ ಅಂಗಡಿಯಲ್ಲಿದ್ದೆ.

“ತೂತು ಬಿದ್ದಿರೋ ಸೀರೆ ಉಡುಸ್ಲಾ ಆ ಮಗೀಗೆ? ಹೇಳಯ್ಯಾ!”

ಸೇರಿದ್ದ ಜನರಲ್ಲಿ ಒಬ್ಬ ಕೂಗಿದ: “ಏನ್ಲಾ ರುದ್ರ, ಬ್ಯಾಟ್ರಿ ಬದ್ಲು ಬೋಂಡಾ ಹಾಕ್ತೀಯೇನ್ಲಾ? ಉಬ್ಕೊಂಡು ಕೂತವೆ!” ಎಲ್ಲರೂ ನಕ್ಕರು. ಡೀಲರ್ ನಕ್ಕ. ನಾನೂ ನಕ್ಕೆ.

ಕೆಲವು ದಿನಗಳ ಮೇಲೆ ರುದ್ರಯ್ಯನವರು ಉಬ್ಬಿದ ಬ್ಯಾಟರಿಗಳನ್ನು ಚೀಲದಲ್ಲಿ ತುಂಬಿಕೊಂಡು ಕಾರ್ಖಾನೆಗೆ ಬಂದರು. ನನ್ನನ್ನು ಬೈಯಲು ಬಂದಿರಲಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಕೇಳಲು ಬಂದಿದ್ದರು.

“ಕೆಂಪು ಬೊಟ್ಟು ಮುಟ್ಟಿದ್ರಾ?” ಎಂದೆ.

“ಅಯ್ಯೋ, ಶಿವನಾಣೆ ಇಲ್ಲ.”

“ಹಂಗಾದ್ರೆ ಜೋಡಿಸೋದ್ರಲ್ಲೇ ಎಡವ್ತಿದೀರ. ವಯಸ್ಸಾಯ್ತು ರುದ್ರಯ್ಯನೋರೆ. ನೋಡಿ, ಕೈ ಹೆಂಗ್ ನಡುಗ್ತಾ ಇದೆ.”

ಕೈ ನಡುಗುತ್ತಿರಲಿಲ್ಲ. ನಾನು ಹಾಗೆಂದ ಮೇಲೆ ಅವರು ಎರಡು ಕೈಗಳನ್ನೂ ಮುಂದೆ ಚಾಚಿ ಬಹಳ ಹೊತ್ತು ನೋಡಿಕೊಂಡರು. ಆಗ ನಡುಗಿದವು.

ಆ ತಿಂಗಳೇ ಅಂಗಡಿ ಮುಚ್ಚಿತು. ಗಂಡ ಹೆಂಡತಿ ಕುಣಿಗಲ್ಲಿನಲ್ಲಿದ್ದ ಮಗಳ ಮನೆಗೆ ಹೋದರು. ರುದ್ರಯ್ಯನವರು ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ವಾಚ್‌ಮನ್ ಆದರು. ಮನೆಯಲ್ಲಿ ಫ್ಯೂಸ್ ಹೋದರೂ ಅವರು ಮುಟ್ಟುವುದಿಲ್ಲ, ಪಕ್ಕದ ಮನೆಯವರನ್ನು ಕರೆಯುತ್ತಾರೆ ಎಂದು ಯಾರೋ ಹೇಳಿದರು. ನಾನು ಸರ್ವಿಸ್ ಮ್ಯಾನೇಜರ್ ಆದೆ, ಬಿಚ್ಚಲು ಒಂದು ಸ್ಕ್ರೂ ಕೂಡ ಇಲ್ಲದ ಲೈಟುಗಳಿಗೆ. ಗುಬ್ಬಿಯವರು ಕೊಂಡ ಹೊಸ ಲೈಟುಗಳು ಎರಡು ವರ್ಷ ದಾಟಲಿಲ್ಲ. ವಾಪಸ್ಸು ಬಂದವನ್ನು ಸುತ್ತಿಗೆಯಲ್ಲಿ ಒಡೆದು ಕಾರ್ಖಾನೆಯ ಹಿಂದಿನ ಹಳ್ಳಕ್ಕೆ ಸುರಿಯುತ್ತಿದ್ದೆ. ಕೊನೆಗೆ ನಮ್ಮದಕ್ಕಿಂತ ಅಗ್ಗದ ಎಸೆಯುವ ಲೈಟುಗಳು ಮಾರ್ಕೆಟ್ಟಿಗೆ ಬಂದವು. ಕಾರ್ಖಾನೆ ಮುಚ್ಚಿತು, ನಾನೂ ಮನೆಗೆ ಬಂದೆ.

ಶೆಟ್ಟಿಹಳ್ಳಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಾಗ ಇದು ಕೊರೆಯತೊಡಗಿತು. ಕುಣಿಗಲ್ಲಿಗೆ ಹೋಗಿ, ಗಿರಣಿಯ ಗೇಟಿನಲ್ಲಿ ರುದ್ರಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಕಾಲಿಗೆ ಬೀಳಲು ಬಗ್ಗಿದೆ. ಅವರು ಹಿಂದಕ್ಕೆ ಸರಿದರು.

“ನಂಗ್ ಹೇಳಿ ಏನ್ ಬಂತು? ನನ್ನನ್ನ ಮೋಸಗಾರ ಅಂದಿದ್ದು ಗುಬ್ಬಿ. ಸಂತೆ ದಿನ ಬನ್ನಿ, ನನ್ನ ಅಂಗಡಿ ಮುಂದೆ ನಿಂತ್ಕೊಂಡು ಹೇಳಿ. ನಾನು ಸರೋಜಮ್ಮನ್ನ ಕರೀತೀನಿ.”

“ಬರ್ತೀನಿ” ಎಂದೆ.

ಸಂತೆಯ ದಿನ ಬಸ್ಸು ಹತ್ತಿದೆ. ಗುಬ್ಬಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಅವರು ಕಂಡರು. ಬಿಳಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು, ಮುಚ್ಚಿದ ಅಂಗಡಿಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಹೆಂಡತಿ. ಸರೋಜಮ್ಮನೂ ಬಂದಿದ್ದಳು, ಇನ್ನೂ ಕೆಲವರಿದ್ದರು. ಬಸ್ಸಿನಿಂದ ಇಳಿಯುವ ಒಬ್ಬೊಬ್ಬರ ಮುಖವನ್ನೂ ಅವರು ನೋಡುತ್ತಿದ್ದರು.

“ಗುಬ್ಬಿ, ಗುಬ್ಬಿ! ಯಾರ್ರೀ ಇಳಿಯೋರು?” ಎಂದ ಕಂಡಕ್ಟರ್.

ನಾನು ತಲೆ ತಗ್ಗಿಸಿ, ಮುಂದಿನ ಊರಾದ ನಿಟ್ಟೂರಿಗೆ ಟಿಕೆಟ್ ಕೇಳಿದೆ.

ಬಸ್ಸು ಹೊರಟಾಗ ಸರೋಜಮ್ಮ ಏನೋ ಹೇಳಿದಳು, ಸುತ್ತಲಿದ್ದವರು ನಕ್ಕರು. ಮೊದಲ ಸಲ ನಾನು ರುದ್ರಯ್ಯನವರನ್ನು ಕೈಲಾಗದವರನ್ನಾಗಿ ಮಾಡಿದ್ದೆ. ಅಂದು ಸುಳ್ಳುಗಾರರನ್ನಾಗಿಯೂ ಮಾಡಿದೆ. ಅವರು ಈಗಿಲ್ಲ. ಇದನ್ನು ಓದುವ ಗುಬ್ಬಿಯವರು ಯಾರಾದರೂ ಇದ್ದರೆ ತಿಳಿಯಲಿ: ಅವರ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ರಿಪೇರಿಯ ಕೆಲಸ ನನಗೆ ಕಲಿಸಿದ ಪಾಠ ಒಂದೇ. ವಸ್ತು ಎಲ್ಲಿ ಕೆಟ್ಟಿದೆಯೋ ಅಲ್ಲೇ ಬಿಚ್ಚಬೇಕು, ಕಾಲ ಮೀರುವ ಮೊದಲೇ ಬಿಚ್ಚಬೇಕು. ಗೊತ್ತಿದ್ದೂ ನಾನು ಬಸ್ಸಿನಿಂದ ಇಳಿಯಲಿಲ್ಲ.